ಏಲಿಯಮ್ಮನ ಮೂಲಗೇಣಿ

ಸ್ನೇಹಿತರೇ, ಶಾನುಭೋಗನಾಗಿ ಗದ್ದೆ, ಗುಡ್ಡೆ ಎಲ್ಲ ಅಳೆದಿದ್ದೇನೆ. ಇವತ್ತು ಕಡಬದ ಹತ್ತಿರ ಗೋರಿಯ ಜಾಗ ಅಳೆಯಲು ಕರೆದರು! ತಿರುವಾಂಕೂರಿನಿಂದ ಬಂದು ನೆಲೆಸಿದ ಕ್ರೈಸ್ತ ಅಣ್ಣತಮ್ಮಂದಿರ ಜಗಳ. ಇಗರ್ಜಿಯ ಸ್ಮಶಾನದಲ್ಲಿ ಅಪ್ಪನ ಗೋರಿಯ ಪಕ್ಕ ಉಳಿದಿರುವುದು ಒಂದೇ ಗೋರಿಯ ಜಾಗ. ಅದು ಇಬ್ಬರಿಗೂ ಬೇಕು.

"ಇಲ್ಲಿ ಕಾಡು ಕಡಿದದ್ದು ನಾನು," ಎಂದ ಅಣ್ಣ ಮತ್ತಾಯಿ.

"ಬೇಲಿ ಹಾಕಿದ್ದು ನಾನಲ್ವಾ ಮಾರಾಯ?" ಎಂದ ತಮ್ಮ ಪೌಲೋಸ್.

ನಾನು ಅಳತೆಯ ಸರಪಳಿ ಬಿಡಿಸುವಷ್ಟರಲ್ಲಿ ಅವರ ತಾಯಿ ಏಲಿಯಮ್ಮ ಚಾಪೆ ಹಿಡಿದುಕೊಂಡು ಬಂದರು. ಅದೇ ಜಾಗದಲ್ಲಿ ಹಾಸಿ, ಗಂಡನ ಗೋರಿಯ ಕಡೆ ಮುಖ ಮಾಡಿ ಮಲಗಿಯೇ ಬಿಟ್ಟರು.

"ಅಮ್ಮಚ್ಚೀ, ಎಂತ ಇದು? ಏಳು!" ಮತ್ತಾಯಿ ಬೊಬ್ಬೆ ಹಾಕಿದ.

"ಏಳುದಿಲ್ಲ. ನಿಮ್ಮಿಬ್ಬರದ್ದು ಚಾಲಗೇಣಿ, ಯಾವಾಗ ಬೇಕಾದ್ರೂ ಎಬ್ಬಿಸ್ಬಹುದು. ನಂದು ಮೂಲಗೇಣಿ, ಯಾರಿಗೂ ಎಬ್ಬಿಸ್ಲಿಕ್ಕೆ ಆಗುದಿಲ್ಲ. ಶಾನುಭೋಗ್ರೇ, ಬರ್ಕೊಳ್ಳಿ."

ಮಕ್ಕಳಿಬ್ಬರೂ ತಲೆ ತಗ್ಗಿಸಿದರು. ಅಪ್ಪನ ಪಕ್ಕದ ಜಾಗಕ್ಕೆ ಹೊಡೆದಾಡುವಾಗ ಒಬ್ಬನಿಗೂ ಅಮ್ಮನ ನೆನಪಾಗಿರಲಿಲ್ಲ ನೋಡಿ!

ಇಷ್ಟು ಚೊಕ್ಕ ತೀರ್ಪನ್ನು ನಾನು ಪುತ್ತೂರಿನ ಕೋರ್ಟಿನಲ್ಲೂ ಕೇಳಿಲ್ಲ. ಕೈಮುಗಿದು ಸರಪಳಿ ಸುತ್ತಿಕೊಂಡೆ. ಏಲಿಯಮ್ಮ ಚಾಪೆ ಮಡಚಿ, ಬರುವಾಗ ಬೇಲಿಯ ಬಳಿ ಇಳಿಸಿಟ್ಟಿದ್ದ ಸೌದೆಯ ಹೊರೆಯನ್ನು ತಲೆಗೇರಿಸಿಕೊಂಡು ಗುಡ್ಡೆ ಹತ್ತಿದರು. ಆ ನಡಿಗೆ ನೋಡಿದರೆ ಗಂಡನ ಪಕ್ಕದ ಆ ಜಾಗದ ಮನೆಯೊಕ್ಕಲಿಗೆ ಇನ್ನೂ ಇಪ್ಪತ್ತು ವರ್ಷವಿದೆ.