ಕಿಟಕಿ ಅಕ್ಕ ಮತ್ತು ದರ್ಜಿಯ ಕೋಳಿಗೂಡು

ಓಣಿಯವರು ಅವಳನ್ನು ಕಿಟಕಿ ಅಕ್ಕ ಎಂದು ಕರೆಯುವುದು ಗಿರಣಿಯ ಕಾಲದಿಂದ. ಗಾಳಿ ಬೀಸಿದರೆ ನೂಲಿನ ಎಳೆ ಹರಿಯುತ್ತದೆ ಎಂದು ಮಾಲೀಕರು ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದರು. ಹತ್ತಿಯ ಧೂಳು ಕುಡಿದು ಹೆಂಗಸರು ಕೆಮ್ಮತೊಡಗಿದಾಗ ಇವಳು ಮುಂದೆ ನಿಂತು ಕೆಲಸ ನಿಲ್ಲಿಸಿದಳು. "ಎಳೆ ಹರಿದ್ರೆ ನಾವು ಗಂಟು ಹಾಕ್ತೀವಿ, ಎದೆ ಹರಿದ್ರೆ ನೀವು ಹಾಕ್ತೀರಾ?" ಎಂದು ಗೇಟಿನ ಮುಂದೆ ಕೇಳಿದಳು. ಕಿಟಕಿಗಳು ತೆರೆದವು. ಅಷ್ಟರಲ್ಲಿ ಅವಳ ಎದೆ ಕೆಟ್ಟು ಹೋಗಿತ್ತು. ಅದನ್ನು ತ್ಯಾಗ ಗೀಗ ಎಂದು ಯಾರಾದರೂ ಹೊಗಳಲು ಬಂದರೆ, "ತ್ಯಾಗ ಅಲ್ಲಪ್ಪ, ಬುದ್ಧಿ ಬರೋದು ತಡ ಆಯ್ತು" ಎಂದು ಬಾಯಿ ಮುಚ್ಚಿಸುತ್ತಾಳೆ.

ಗಿರಣಿ ಬಿಟ್ಟ ಮೇಲೆ ಕೋಳಿ ಸಾಕಿದಳು. ಆ ಓಣಿಯಲ್ಲಿ ಹಿತ್ತಿಲಿದ್ದವರೆಲ್ಲ ಕೋಳಿ ಸಾಕಿದವರೇ. ಯಾರ ಮನೆಯ ಹೇಂಟೆ ಸೀನಿದರೂ ಅಕ್ಕನಿಗೆ ಕೂಗು ಬರುತ್ತದೆ. ಹೋದವಳು ಹೇಂಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಅದರ ಬೆನ್ನಿಗೆ ಕಿವಿಯಿಡುತ್ತಾಳೆ. ಆಗ ತನ್ನ ಉಸಿರು ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಗೊರಗೊರ ಎನ್ನುವುದು ಕೋಳಿಯೋ ತಾನೋ ತಿಳಿಯುವುದಿಲ್ಲ. ಕೊಕ್ಕು ಬಿಡಿಸಿ ಗಂಟಲು ನೋಡುತ್ತಾಳೆ, ಕಣ್ಣಿನ ಮೂಲೆಯಲ್ಲಿ ನೊರೆಯಿದೆಯೇ ಎಂದು ನೋಡುತ್ತಾಳೆ, ಮೂಗಿನ ಹೊಳ್ಳೆಯನ್ನು ಮೂಸುತ್ತಾಳೆ. ತಿಳಿದರೆ ಹೇಳುತ್ತಾಳೆ. ತಿಳಿಯದಿದ್ದರೆ "ನಂಗೊತ್ತಿಲ್ಲ, ಡಾಕ್ಟರನ್ನ ಕರೀರಿ" ಎಂದು ಎದ್ದು ಬರುತ್ತಾಳೆ. ನಾಯಕರಾಗಿ ಮೆರೆದ ಎಷ್ಟೋ ಮಂದಿಯನ್ನು ಓಣಿ ಕಂಡಿದೆ. ಗೊತ್ತಿಲ್ಲ ಎನ್ನುವ ಒಂದು ಮಾತು ಅವರ ಬಾಯಲ್ಲಿ ಬಂದದ್ದು ಯಾರಿಗೂ ನೆನಪಿಲ್ಲ.

ಆ ಚಳಿಗಾಲದಲ್ಲಿ ಕಾಯಿಲೆ ಬಿದ್ದದ್ದು ದರ್ಜಿಯ ಹಿತ್ತಿಲಿನ ಕೋಳಿಗಳಿಗೆ. ಕೋಳಿಗಳು ದರ್ಜಿಯ ಹೆಂಡತಿಯವು. ಆ ಮನೆಯಲ್ಲಿ ಹೊಲಿಗೆ ಯಂತ್ರ ಗಂಡನದು, ಅಂಗಡಿ ಮಾವನದು, ಬೀರುವಿನ ಬೀಗ ಅತ್ತೆಯದು. ಅವಳದೆಂದು ಇದ್ದದ್ದು ಆ ಹಿಂಡು ಒಂದೇ. ಅದರ ಮುಂದಾಳು ಒಂದು ಕಂದು ಹೇಂಟೆ. ಉಳಿದವು ಎಲ್ಲಿ ಮೇಯಬೇಕು, ಯಾರು ಮೊದಲು ನೀರು ಕುಡಿಯಬೇಕು ಎಂದು ತೀರ್ಮಾನಿಸುವುದು ಅದೇ. ಹೆಸರು ಯಜಮಾನಿ.

ಅವತ್ತು ಬೆಳಿಗ್ಗೆ ಗೂಡಿನಿಂದ ಗೊರಕೆ ಕೇಳಿತು. ಬೇಲಿಯಾಚೆ ಇಸ್ತ್ರಿ ಅಂಗಡಿಯವನ ಹಿತ್ತಿಲು, ಅವನ ಕೋಳಿಗಳೂ ಅಲ್ಲೇ ಮೇಯುತ್ತಿದ್ದವು. ಅವನು ಕೇಳಿದವನೇ ಓಣಿಗೆಲ್ಲ ಸುದ್ದಿ ಹಬ್ಬಿಸಿದ. ತಿಂಡಿ ತಿಂದು ಕೈ ತೊಳೆಯುವ ಹೊತ್ತಿಗೆ ಅರ್ಧ ಓಣಿ ದರ್ಜಿಯ ಬಾಗಿಲಲ್ಲಿ ನಿಂತಿತ್ತು.

"ಹಕ್ಕಿಜ್ವರ ಕಣ್ರೀ! ಎಲ್ಲಾನೂ ಕೊಯ್ದು ಹೂತುಬಿಡಿ. ಇವತ್ತು ನಿಮ್ಮ ಮನೆ, ನಾಳೆ ನಮ್ಮನೆ," ಎಂದ ಇಸ್ತ್ರಿಯವನು.

"ನಿನಗೆ ಹೇಗೆ ಗೊತ್ತಾಯ್ತು? ನಿನ್ನ ಇಸ್ತ್ರಿಪೆಟ್ಟಿಗೆ ಹೇಳ್ತಾ?" ಎನ್ನುತ್ತ ಅಕ್ಕ ಗುಂಪು ಸೀಳಿಕೊಂಡು ಬಂದಳು.

"ನಗಬೇಡಕ್ಕಾ. ನಮ್ಮಮ್ಮ ಆ ಮೊಟ್ಟೇಲೇ ಬದುಕಿರೋದು. ನಮ್ಮ ಕೋಳಿ ಸತ್ರೆ ನೀನು ಕೊಡ್ತೀಯಾ?"

ಅವನ ಭಯ ಸುಳ್ಳಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಮೊದಲು ಪಶು ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರಮ್ಮ ಮಧ್ಯಾಹ್ನ ಬರುವುದಾಗಿ ಹೇಳಿದರು. ಗುಂಪು ಕರಗಲಿಲ್ಲ. ಆಗ ಅಕ್ಕ ಜಗಲಿ ಹತ್ತಿ ನಿಂತಳು. ಗಿರಣಿಯ ಗೇಟಿನ ಮುಂದೆ ನಿಲ್ಲುತ್ತಿದ್ದ ಠೀವಿಯೇ.

"ಡಾಕ್ಟರು ಕೊಲ್ಲಿ ಅಂದ್ರೆ ಇವತ್ತೇ ಕೊಲ್ಲೋಣ, ನಾನೇ ಕೈ ಹಾಕ್ತೀನಿ. ಬೇಡ ಅಂದ್ರೆ ಮುಂದಿನ ಭಾನುವಾರದವರೆಗೆ ನನಗೆ ಬಿಡಿ. ಅಷ್ಟರೊಳಗೆ ಬೇರೆ ಹಿತ್ತಿಲಲ್ಲಿ ಒಂದು ಕೋಳಿ ಗೊರಗುಟ್ಟಿದ್ರೂ ಈ ಗೂಡು ಖಾಲಿ ಮಾಡಿ, ಆಮೇಲೆ ನನ್ನ ಗೂಡನ್ನೂ ಖಾಲಿ ಮಾಡಿ."

ದರ್ಜಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಕೋಳಿಗಳೂ ಪಣಕ್ಕೆ ಬಿದ್ದ ಮೇಲೆ ಜನ ಬಾಗಿಲು ಬಿಟ್ಟು ಬೇಲಿಯಾಚೆ ಸರಿದು ನಿಂತರು.

ಹಿತ್ತಿಲಿಗೆ ಹೋದ ಅಕ್ಕ ಗೂಡನ್ನು ಒಂದು ಸುತ್ತು ಹಾಕಿದಳು. ಚಳಿಯೆಂದು ದರ್ಜಿ ಗೂಡಿಗೊಂದು ಅಂಗಿ ತೊಡಿಸಿದ್ದ! ದಪ್ಪ ಟಾರ್ಪಾಲು, ಒಳಗೆ ಹಳೆ ಕಂಬಳಿಯ ಅಸ್ತರು, ಮೂಲೆಗೆ ಇಮ್ಮಡಿ ಹೊಲಿಗೆ, ಬಾಗಿಲಿಗೆ ಜಿಪ್ಪು. ಅಳತೆ ತೆಗೆದು ಹೊಲಿದದ್ದು. ಒಂದು ಸೂಜಿ ತೂರಲೂ ಸಂದಿಲ್ಲ.

"ಹೇಗಿದೆ ಅಕ್ಕಾ? ಮದುಮಗನ ಕೋಟೂ ಇಷ್ಟು ಚೆನ್ನಾಗಿ ಕೂರಲ್ಲ," ಎಂದ ದರ್ಜಿ.

"ಅದೇ ತೊಂದರೆ."

ಜಿಪ್ಪು ಎಳೆದು, ಮೊಣಕಾಲೂರಿ, ಕೋಳಿ ಕೂರುವ ಕೋಲಿನ ಮಟ್ಟಕ್ಕೆ ತಲೆ ತೂರಿಸಿದಳು. ಮರುಕ್ಷಣವೇ ಹೊರಗೆಳೆದುಕೊಂಡು ಕೆಮ್ಮಿದಳು. ಕೆಮ್ಮಿದಳು ಅಂದರೆ ಸಾಮಾನ್ಯ ಕೆಮ್ಮಲ್ಲ. ಬೇಲಿ ಹಿಡಿದು ನಿಲ್ಲಬೇಕಾಯಿತು.

"ಈಗ ನೀನು ತಲೆ ಹಾಕು."

"ನಾನಾ? ಕೋಳಿಗೂಡಿಗಾ?"

"ಕೋಟು ಹೊಲಿದೋನು ಹಾಕ್ಕೊಂಡು ನೋಡಬೇಡ್ವಾ? ಹಾಕೋ!"

ದರ್ಜಿ ಮೂಗು ಮುರಿಯುತ್ತಲೇ ತಲೆ ಹಾಕಿದ. ಹೊರಗೆ ಬಂದಾಗ ಕಣ್ಣಿಂದ ಧಾರೆಯಾಗಿ ನೀರು. ನಿಂತವರಿಗೆ ಏನೂ ವಾಸನೆ ಹೊಡೆಯುವುದಿಲ್ಲ. ಕೆಳಗೆ, ಕೋಳಿಗಳ ಮಟ್ಟದಲ್ಲಿ, ಒದ್ದೆಯಾದ ಹಿಕ್ಕೆ ಕೊಳೆತು, ಕಣ್ಣುಮೂಗು ಸುಡುವ ಘಾಟು ತುಂಬಿತ್ತು. ರಾತ್ರಿಯಿಡೀ ಕೋಳಿಗಳು ಕುಡಿದದ್ದು ಅದನ್ನೇ.

"ನಾನು ಬೆಚ್ಚಗಿರಲಿ ಅಂತ..." ಎಂದ ದರ್ಜಿ.

"ಕೋಳಿಗೆ ಮೈತುಂಬ ಪುಕ್ಕ ಇದೆಯಲ್ಲೋ. ಚಳಿ ತಡೆಯುತ್ತೆ, ಘಾಟು ತಡೆಯಲ್ಲ. ಕತ್ತರಿ ತಗೊಂಡು ಬಾ. ಮೇಲ್ಗಡೆ, ಸೂರಿನ ಕೆಳಗೆ ಕತ್ತರಿಸು. ಗಾಳಿ ತಲೆ ಮೇಲೆ ಹಾದು ಹೋಗಬೇಕು, ಮೈಗೆ ಹೊಡೀಬಾರದು."

ದರ್ಜಿ ಬಟ್ಟೆಗೆ ಕತ್ತರಿ ಹಾಕುವವನೇ. ಹೊಲಿದು ಮುಗಿಸಿದ್ದಕ್ಕೆ ಹಾಕುವುದು ಬೇರೆ ಮಾತು. ಮುಖ ಕಿವುಚಿಕೊಂಡು ಕತ್ತರಿಸಿದ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳಬಾರದೆಂದು ಅಲ್ಲೇ ಕೂತು ಮಡಿಸಿ ಹೊಲಿದ ಕೂಡ.

ಮಧ್ಯಾಹ್ನ ಡಾಕ್ಟರಮ್ಮ ಬಂದರು. ಬೂಟನ್ನು ಔಷಧದ ನೀರಿಗೆ ಅದ್ದಿ ಒಳಗೆ ಕಾಲಿಟ್ಟರು. ಕೋಳಿಗಳ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದುಕೊಂಡರು. ಅಕ್ಕ ಮಾಡಿದ್ದನ್ನು ಕೇಳಿ, "ಗಾಳಿ ಬಿಟ್ಟಿದ್ದು ಸರಿ. ಮೊದಲ ಔಷಧ ಅದೇ. ಆದ್ರೆ ಏನು ರೋಗ ಅಂತ ಗೊತ್ತಿಲ್ಲದ ಗೂಡಿಗೆ ಬಾಯಿಗೆ ಬಟ್ಟೆನೂ ಕಟ್ಟದೆ ತಲೆ ಹಾಕಿದ್ರಾ? ಅವನ ತಲೇನೂ ಹಾಕಿಸಿದ್ರಾ?" ಎಂದು ಗದರಿದರು.

"ತಪ್ಪಾಯ್ತಮ್ಮ," ಎಂದಳು ಅಕ್ಕ. ಅವಳು ತಲೆ ತಗ್ಗಿಸಿದ್ದನ್ನು ಓಣಿ ನೋಡಿದ್ದು ಅದೇ ಮೊದಲು.

ಹಕ್ಕಿಜ್ವರದ ಲಕ್ಷಣ ಕಾಣುತ್ತಿಲ್ಲ, ಆದರೂ ಪರೀಕ್ಷೆಯ ಫಲಿತಾಂಶ ಬರುವವರೆಗೆ ಒಂದು ಕೋಳಿಯೂ ಹಿತ್ತಿಲು ದಾಟಬಾರದು ಎಂದರು ಡಾಕ್ಟರಮ್ಮ. ಘಾಟಿಗೆ ಶ್ವಾಸನಾಳ ಹುಣ್ಣಾಗಿ, ಆ ದಾರಿಯಲ್ಲಿ ಸೋಂಕು ನುಗ್ಗಿದೆ. ಹೆಚ್ಚಿನವು ಗಾಳಿ, ನೆಲಕ್ಕೆ ಹಾಸುವ ಒಣ ಹೊಟ್ಟು, ನೀರಿಗೆ ಹಾಕುವ ಔಷಧದಿಂದ ಸುಧಾರಿಸಬಹುದು. ಯಜಮಾನಿಯದು ಬೇರೆ. ಅದರ ಮುಖ ಒಂದು ಕಡೆ ಬಾತು ಕಣ್ಣು ಮುಚ್ಚಿತ್ತು, ಮೂಗಿನಿಂದ ಕೊಳೆತ ವಾಸನೆಯ ಸಿಂಬಳ ಸುರಿಯುತ್ತಿತ್ತು. "ಔಷಧ ಕೊಟ್ರೆ ಬದುಕಬಹುದು. ಬದುಕಿದ್ರೂ ರೋಗವನ್ನ ಒಳಗಿಟ್ಕೊಂಡು ಹರಡ್ತಾನೇ ಇರುತ್ತೆ. ಈ ಸೋಂಕಿನ ಮೂಲ ಅದೇ ಅನ್ಸುತ್ತೆ."

"ಬೇರೆ ಬುಟ್ಟಿ ಮುಚ್ಚಿ ಇಟ್ಕೋತೀನಿ," ಎಂದಳು ದರ್ಜಿಯ ಹೆಂಡತಿ. "ಜೀವನಪೂರ್ತಿ ಇಟ್ಕೋತೀನಿ ಅಕ್ಕಾ."

"ಬುಟ್ಟಿಯಿಂದ ಗೂಡಿಗೆ ಓಡಾಡೋದು ನಿನ್ನ ಕೈ ತಾನೇ? ಒಂದು ಉಳಿಸೋಕೆ ಹೋದ್ರೆ ಹಿಂಡೇ ಹೋಗುತ್ತೆ. ಬೇಲಿಯಾಚೇದೂ ಹೋಗುತ್ತೆ. ಕೋಳಿ ನಿಂದು, ಮಾತು ನೀನೇ ಹೇಳು," ಎಂದಳು ಅಕ್ಕ.

ದರ್ಜಿಯ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದಿನಿಂದ "ಹೂಂ" ಎಂದಳು. ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಯಜಮಾನಿಗೆ ನೋವು ತಿಳಿಯುವ ಮೊದಲೇ ಕೆಲಸ ಮುಗಿಸಿದಳು. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದಳು.

ಆ ವಾರ ಅವಳು ತನ್ನ ಕೋಳಿಗಳ ಹತ್ತಿರ ಸುಳಿಯಲಿಲ್ಲ, ಕಾಳು ಹಾಕಲು ಪಕ್ಕದವಳಿಗೆ ಹೇಳಿದಳು. ದರ್ಜಿಯ ಹಿತ್ತಿಲಿಗೆ ಬೇರೆಯೇ ಚಪ್ಪಲಿ, ಬೇರೆಯೇ ಸೀರೆ. ದಿನವೂ ಒದ್ದೆ ಹೊಟ್ಟು ಬಾಚಿ ತೆಗೆದು ಒಣದು ಹರಡಿದಳು. ನಡುನಡುವೆ ಗೋಡೆಗೆ ಒರಗಿ ಉಸಿರು ಹಿಡಿದುಕೊಳ್ಳುವಳು. ಕೆಲಸ ಬಿಡಲಿಲ್ಲ. ವಾರದ ನಡುವೆ ಡಾಕ್ಟರಮ್ಮನ ಫೋನು ಬಂತು: ಹಕ್ಕಿಜ್ವರ ಅಲ್ಲ.

ಭಾನುವಾರ ಓಣಿಯವರು ಬಂದು ಕಿವಿಗೊಟ್ಟು ನಿಂತರು. ಗೂಡಿನಲ್ಲಿ ಕಾಳು ಕುಕ್ಕುವ ಸದ್ದು, ಜಗಳದ ಸದ್ದು. ಗೊರಕೆಯಿಲ್ಲ. ಬೇರೆ ಯಾವ ಹಿತ್ತಿಲಿಂದಲೂ ದೂರಿರಲಿಲ್ಲ. ಯಾರೋ ಸೀನಿದರು, ಎಲ್ಲರೂ ಬೆಚ್ಚಿಬಿದ್ದರು. ಸೀನಿದವನು ದರ್ಜಿ.

"ಇವನದೂ ಕತ್ತು ಮುರೀಬೇಕಾ ಅಕ್ಕಾ?" ಎಂದ ಇಸ್ತ್ರಿಯವನು. ಎಲ್ಲರೂ ನಕ್ಕರು. ಹೋಗುವಾಗ ಅವನೇ ತಡವರಿಸುತ್ತ, "ನಮ್ಮ ಕೋಳಿ ಯಾಕೋ ಇಡ್ತಿಲ್ಲ, ಅಮ್ಮನಿಗೆ ಎರಡು ಮೊಟ್ಟೆ ಇವರತ್ರ..." ಎಂದ.

"ಇಲ್ಲ. ಔಷಧ ಇನ್ನೂ ಮೊಟ್ಟೇಲಿದೆ. ಡಾಕ್ಟರು ತಿನ್ನಿ ಅನ್ನೋವರೆಗೆ ಎಲ್ಲಾ ಮಣ್ಣಲ್ಲಿ ಹೂಳೋದೇ," ಎಂದಳು ಅಕ್ಕ.

ಎಲ್ಲರೂ ಹೋದ ಮೇಲೆ ಹಿತ್ತಿಲಲ್ಲಿ ಇಬ್ಬರೇ ಉಳಿದರು. ವಾರವಿಡೀ ಅಕ್ಕನ ಜೊತೆ ಮಾತಾಡದೆ ಇದ್ದ ದರ್ಜಿಯ ಹೆಂಡತಿ ಈಗ ಬಾಯಿ ಬಿಟ್ಟಳು.

"ನನ್ನ ಯಜಮಾನಿನ ಕೊಂದೆ ನೀನು."

"ಹೌದು, ಕೊಂದೆ."

"ಮಿಕ್ಕಿದ್ದು ಉಳೀತಲ್ಲ ಅಂತ ಸಮಾಧಾನ ಹೇಳಲ್ವಾ?"

"ಹೇಳಲ್ಲ. ಸತ್ತಿದ್ದಕ್ಕೆ ಅದರಿಂದ ಏನು ಬಂತು?"

ದರ್ಜಿಯ ಹೆಂಡತಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಗಂಡನ ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ಎತ್ತಿ ತಂದು ಗೋಡೆಯ ಪಕ್ಕ ಕುಕ್ಕಿದಳು.

"ಕೂತ್ಕೋ. ಟೀ ಕುಡಿದು ಹೋಗು. ಬೈಯೋದು ಇನ್ನೂ ಇದೆ."