ಚಂದ್ರಣ್ಣ ಖಾಲಿ ಬಿಟ್ಟ ಐದು ಕಿಲೋ

ಊಟಕ್ಕೆ ಕುಳಿತರೆ ಚಂದ್ರಣ್ಣ ಮೊದಲು ಅನ್ನವನ್ನು ತಟ್ಟೆಯಿಡೀ ತೆಳ್ಳಗೆ ಹರಡುತ್ತಿದ್ದರು. ಬೆರಳ ತುದಿಯಲ್ಲಿ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸರಿಸಿ, ತಳದ ಸ್ಟೀಲು ಕಾಣುವವರೆಗೆ ನೋಡಿ, ಆಮೇಲೆಯೇ ಸಾರು. ದೋಹಾದ ನಜ್ಮಾ ಬಡಾವಣೆಯ ನಮ್ಮ ಕೋಣೆಯಲ್ಲಿ ಮೂರು ಮಂಚ, ಒಂದು ಗ್ಯಾಸ್ ಒಲೆ. ಅಡುಗೆ ಹೆಚ್ಚಾಗಿ ಅವರದ್ದೇ. ತಾನೇ ಬೇಯಿಸಿದ ಅನ್ನವನ್ನು ತಾನೇ ತಪಾಸಣೆ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೋ ಬಾಯಿ ಸುಮ್ಮನಿರುವುದಿಲ್ಲ. "ಎಂತ ಚಂದ್ರಣ್ಣ, ಚಿನ್ನ ಹುಡುಕುವುದಾ?" ಎಂದು ದಿನಾ ಕಿಚಾಯಿಸುತ್ತಿದ್ದೆ. "ಹೌದು ಟೈಮ್‌ಕೀಪರ್ರೇ, ಸಿಕ್ಕಿದರೆ ನಿಮಗೆ ಅರ್ಧ" ಎಂದು ಹೇಳಿ ಉಣ್ಣುತ್ತಿದ್ದರು.

ತೊಂಬತ್ತರ ದಶಕದ ಕತಾರಿನ ಮಾತು. ರಾಸ್ ಲಫಾನ್‌ನಲ್ಲಿ ಗ್ಯಾಸ್ ಪ್ಲಾಂಟುಗಳು ಏಳುತ್ತಿದ್ದವು. ಒಂದು ಕಂತ್ರಾಟು ಕಂಪೆನಿಯಲ್ಲಿ ನಾನು ಟೈಮ್‌ಕೀಪರ್, ಚಂದ್ರಣ್ಣ ವೆಲ್ಡರ್. ಕೋಣೆಯ ಮೂರನೆಯವರು ಉಪ್ಪಿನಂಗಡಿ ಕಡೆಯ ಹಮೀದಾಕ, ನಮ್ಮ ಕಂಪೆನಿಯ ಬಸ್ ಡ್ರೈವರ್. ಮೂವರೂ ಆಡುತ್ತಿದ್ದುದು ತುಳು. ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಚಂದ್ರಣ್ಣ ಹಾಕಿದ ಜಾಯಿಂಟು ಎಕ್ಸ್‌ರೇಯಲ್ಲಿ ಫೇಲಾದದ್ದನ್ನು ನಾನು ಕಾಣೆ. ಫೋರ್‌ಮನ್ ಅವರ ಪೈಪಿನ ಮೇಲೆ ಅಂಗೈ ಬಡಿದು "ಖಲಾಸ್!" ಎಂದು ಮುಂದೆ ಹೋಗುತ್ತಿದ್ದ. ಹೊಗಳಿದರೆ ಚಂದ್ರಣ್ಣ ಹೇಳುತ್ತಿದ್ದುದು ಒಂದೇ: "ಕಬ್ಬಿಣಕ್ಕೆ ಯಾರ ಕೈ ಅಂತ ಗೊತ್ತಾಗುವುದಿಲ್ಲ ಮಾರಾಯ್ರೆ. ಅದಕ್ಕೇ ಈ ಕೆಲಸ ಕಲಿತದ್ದು." ಅದರಲ್ಲಿ ಕೇಳಬೇಕಾದದ್ದು ಏನಾದರೂ ಉಂಟು ಎಂದು ನನಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ನನ್ನ ಗೇಟ್‌ಪಾಸ್ ಕಾಣೆಯಾಯಿತು. ಅದಿಲ್ಲದೆ ರಾಸ್ ಲಫಾನ್ ಒಳಗೆ ಕಾಲಿಡುವಂತಿಲ್ಲ, ಹೊರಗೆ ಹಮೀದಾಕ ಹಾರ್ನ್ ಒತ್ತುತ್ತಿದ್ದಾರೆ. ನಮ್ಮ ಕಡೆ ಏನು ಕಳೆದರೂ ಕರೆಯುವುದು ಕೊರಗಜ್ಜನನ್ನು. ನಾನೂ ದೊಡ್ಡ ಸ್ವರದಲ್ಲಿ, "ಅಜ್ಜಾ, ಪಾಸ್ ಸಿಕ್ಕಿದರೆ ಊರಿಗೆ ಹೋದಾಗ ಚಕ್ಕುಲಿ, ವೀಳ್ಯ, ಶೇಂದಿ ಇಡುತ್ತೇನೆ" ಎಂದು ಹರಕೆ ಹೊತ್ತೆ. ಪಾಸು ಅಂಗಿಯ ಒಳಜೇಬಿನಲ್ಲೇ ಇತ್ತು. ಬಸ್ಸಿನಲ್ಲಿ ಪಕ್ಕ ಕುಳಿತ ಚಂದ್ರಣ್ಣ ಕಿಟಕಿಯಾಚೆ ನೋಡುತ್ತಾ, "ಕಳೆದದ್ದು ಹುಡುಕಿ ಕೊಡಲಿಕ್ಕೆ ನಮ್ಮಜ್ಜ ಬೇಕು. ನಾವು ಮಾತ್ರ ಅಂಗಳದ ಹೊರಗೆ" ಎಂದರು.

"ನಮ್ಮಜ್ಜ ಅಂದರೆ?"

"ನಾನು ಕೊರಗ, ಟೈಮ್‌ಕೀಪರ್ರೇ. ಚಂದ್ರಹಾಸ ಅಂತ ಹೆಸರಿಟ್ಟದ್ದು ಶಾಲೆಯ ಮಾಸ್ಟ್ರು."

ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅದಾದ ಎರಡು ದಿನ ನನ್ನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂತು. ನಾನು ಬೇಕೆಂದು ಮಾಡಿದ್ದಲ್ಲ, ನಾಲಿಗೆಯೇ ಹಾಗೆ ಹೊರಳಿತು. ಮೂರನೆಯ ದಿನ ಚಹಾ ಕೊಡುತ್ತಾ ಚಂದ್ರಣ್ಣ, "ಮೊನ್ನೆ ಬಸ್ಸು ಹತ್ತುವಾಗ ನಾನು ನಿಮಗಿಂತ ಏಳು ವರ್ಷ ದೊಡ್ಡವ. ಇಳಿಯುವಾಗ ಎಷ್ಟು ಸಣ್ಣವನಾದೆ?" ಎಂದು ಕೇಳಿದರು. ಥೂ, ನನ್ನ ಜನ್ಮವೇ ಎನಿಸಿತು.

ಶುಕ್ರವಾರಗಳಲ್ಲಿ ಬಟ್ಟೆ ಒಗೆಯುತ್ತಾ ಅವರು ಹೇಳಿದ್ದನ್ನು ಕೇಳಿಯೇ ನನ್ನ ನೆಲದ ಚರಿತ್ರೆ ನನಗೆ ತಿಳಿದದ್ದು. ಕೊರಗರಿಗೆ ಅವರದೇ ಭಾಷೆಯೊಂದು ಇದೆಯೆಂಬುದೂ ನನಗೆ ಗೊತ್ತಿರಲಿಲ್ಲ, ಅವರ ಮನೆಯಿಂದ ಮೂರು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವನಿಗೆ! ಅವರಲ್ಲೊಬ್ಬ ಹಿಂದೆ ನಮ್ಮ ನಾಡನ್ನೇ ಆಳಿದ್ದನಂತೆ. ಸೋತ ಮೇಲೆ ಕಾಡು. ಕಾಡಿಗೂ ಬೇಲಿ ಬಿದ್ದ ಮೇಲೆ ಊರವರ ಅಂಗಳದಂಚು. "ಮೊದಲು ಬಂದವರು ನಾವು. ಕಾಲಿಡಲಿಕ್ಕೆ ಒಪ್ಪಿಗೆ ಕೇಳಬೇಕಾದದ್ದೂ ನಾವು" ಎನ್ನುತ್ತಿದ್ದರು. ಅನ್ನದ ಕಾರಣವನ್ನೂ ಹೇಳಿದರು. ಉಳ್ಳವರ ಮನೆಯಲ್ಲಿ ಬಸುರಿಗೋ ಮಗುವಿಗೋ ಕೆಡುಕು ತಟ್ಟಬಾರದೆಂದು ಅವರ ಕೂದಲು, ಉಗುರು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಾರೆ. ಕೆಡುಕೆಲ್ಲ ತಿಂದವರಿಗೆ ಹೋಯಿತೆಂದು ಲೆಕ್ಕ. ಅಜಲು ಎನ್ನುತ್ತಾರೆ ಅದಕ್ಕೆ. "ನನಗೆ ಆಗ ಏಳು ವರ್ಷ. ಬೆಲ್ಲ ಹಾಕಿದ ಅನ್ನ, ಹಸಿವು ಬೇರೆ. ಬಾಯಲ್ಲಿ ಕೂದಲು ಸಿಕ್ಕಿತು. ಅಮ್ಮ ಹೇಳಿದರು, ನೋಡಬೇಡ ಮಗಾ, ನುಂಗು ಅಂತ. ಆವತ್ತಿನಿಂದ ನೋಡದೆ ನುಂಗಲಿಕ್ಕೆ ಆಗುವುದಿಲ್ಲ."

"ಅದೆಲ್ಲ ಹಿಂದಿನ ಕಾಲ ಚಂದ್ರಣ್ಣ, ಈಗ ಯಾರು ಮಾಡುತ್ತಾರೆ?" ಎಂದು ನಾನು ವಾದಿಸಿದೆ. ಅವರು ಅಂಗಿ ಹಿಂಡಿ ತಂತಿಗೆ ಹಾಕಿ, "ನಿಮ್ಮ ಮನೆಯಲ್ಲೊಮ್ಮೆ ಕೇಳಿ ನೋಡಿ" ಎಂದರು.

ಕೇಳುವ ಅಗತ್ಯವೇ ಬರಲಿಲ್ಲ. ಆಗ ಊರಿನಿಂದ ಕಾಗದಕ್ಕಿಂತ ಹೆಚ್ಚಾಗಿ ಬರುತ್ತಿದ್ದುದು ಕ್ಯಾಸೆಟ್ಟು. ಯಾರ ಮನೆಯದ್ದು ಬಂದರೂ ಮೂವರೂ ಕೂತು ಕೇಳುವುದು ನಮ್ಮ ಕೋಣೆಯ ಪದ್ಧತಿ. ಒಬ್ಬರ ತಾಯಿ ಮೂವರಿಗೂ ತಾಯಿ. ಆ ಸಲ ನನ್ನ ಅಮ್ಮನ ಕ್ಯಾಸೆಟ್ಟು. ಹಮೀದಾಕ ಟೇಪ್‌ರೆಕಾರ್ಡರ್ ಒತ್ತಿದರು. ಹಲಸು, ಹಸು, ಪಕ್ಕದ ಮನೆಯ ಮದುವೆ ಎಲ್ಲ ಆದ ಮೇಲೆ ಅಮ್ಮ ಹೇಳಿದರು: "ನಿನ್ನ ಹೆಂಡತಿಗೆ ಏಳು ತಿಂಗಳು ತುಂಬಿತು ಮಗಾ. ಕೆಟ್ಟ ಕನಸು ಬೀಳುತ್ತದೆ ಅಂತ ಕೂಗುತ್ತಿದ್ದಳು. ಆ ಕೊರಗರ ಹೆಂಗಸನ್ನು ಕರೆಸಿ ಅಜಲು ಕೊಟ್ಟೆವು. ಈಗ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಹೆತ್ತ ಮೇಲೆ ಮಗುವಿಗೂ ಒಮ್ಮೆ ಕೊಟ್ಟರೆ ಆಯಿತು." ಹಮೀದಾಕ ಥಟ್ಟನೆ ನಿಲ್ಲಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಚಂದ್ರಣ್ಣ ಕೂಗಾಡಲಿಲ್ಲ. ಎದ್ದು ಹೋಗಲೂ ಇಲ್ಲ. "ಆದದ್ದು ಆಯಿತು. ಇನ್ನೊಂದು ಬಾಕಿ ಉಂಟಲ್ಲ, ಅದನ್ನಾದರೂ ನಿಲ್ಲಿಸಿ. ನನಗೆ ಬೇರೆ ಏನೂ ಬೇಡ" ಎಂದರು. ನಾನು ಅವರ ಕೈ ಹಿಡಿದು ಮಾತು ಕೊಟ್ಟೆ.

ಮಗಳು ಹುಟ್ಟಿದ ಸುದ್ದಿ ಬಂದ ಶುಕ್ರವಾರ ಫೋನ್ ಬೂತಿನಿಂದ ಅಮ್ಮನಿಗೆ ಹೇಳಿದೆ, ಅಜಲು ಬೇಡವೆಂದು. ಅಮ್ಮ ಅಳಲು ಶುರು ಮಾಡಿದರು. "ಮಗು ಹಾಲು ಕುಡಿಯುವುದಿಲ್ಲ. ಏನಾದರೂ ಆದರೆ ನೀನು ಅಲ್ಲಿ ಕೂತು ನೋಡುತ್ತೀಯಾ?" ಎಂದರು. ಕಾರ್ಡು ಮುಗಿಯುತ್ತಿತ್ತು, ಹಿಂದೆ ಸಾಲಿನಲ್ಲಿದ್ದವರು "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಿದ್ದರು. ಇವೆಲ್ಲ ನೆಪ. ನನಗೆ ಹೆದರಿಕೆಯಾಯಿತು, ಅಷ್ಟೇ. ಎಷ್ಟು ಶುಕ್ರವಾರ ಪಾಠ ಕೇಳಿದ್ದೆ, ಒಂದೂ ನೆರವಿಗೆ ಬರಲಿಲ್ಲ. "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದು ಫೋನಿಟ್ಟೆ. ಕೋಣೆಗೆ ಬಂದು ಚಂದ್ರಣ್ಣನಿಗೆ "ನಿಲ್ಲಿಸಿದೆ" ಎಂದು ಹೇಳಿದೆ.

ಅಯ್ಯೋ, ಆ ಮನುಷ್ಯ ಹಿಗ್ಗಿದ್ದೇ ಹಿಗ್ಗಿದ್ದು! ನನ್ನ ಮಗಳು ಹುಟ್ಟಿದಳೆಂದು ಇಡೀ ಬಸ್ಸಿಗೆ ಲಾಡು ಹಂಚಿದರು. "ಒಂದು ಮನೆಯಲ್ಲಿ ನಿಂತಿತು, ಹಮೀದಾಕ. ಒಂದು ಅಂದರೆ ಒಂದೇ, ಆದರೂ ಒಂದಲ್ಲವಾ?" ಎಂದು ಹೇಳುತ್ತಿದ್ದರು. ನಾನು ಲಾಡು ತಿಂದೆ.

ಎರಡು ತಿಂಗಳ ಮೇಲೆ ಚಂದ್ರಣ್ಣನಿಗೆ ರಜೆ ಸಿಕ್ಕಿತು. ಊರಿಗೆ ಹೋಗುವವರ ಕೈಯಲ್ಲಿ ಉಳಿದವರು ತಮ್ಮ ಮನೆಗಳಿಗೆ ಪಾರ್ಸೆಲ್ ಕೊಡುವುದು, ಅವರು ಮನೆ ಮನೆಗೆ ಹೋಗಿ ಮುಟ್ಟಿಸಿ, ಚಹಾ ಕುಡಿದು, ಮಕ್ಕಳನ್ನು ಎತ್ತಿ ಆಡಿಸಿ ಬರುವುದು ಗಲ್ಫಿನ ರೂಢಿ. ಹಮೀದಾಕ ಟ್ಯಾಂಗ್ ಡಬ್ಬಿ, ಸಾಬೂನು, ಸೀರೆ ಕೊಟ್ಟರು. ನಾನು ಏನೂ ಕೊಡಲಿಲ್ಲ. ಹೇಗೆ ಕೊಡಲಿ? ಚಂದ್ರಣ್ಣ ನಮ್ಮ ಮನೆಗೆ ಹೋದರೆ ಅಮ್ಮ ಅವರನ್ನು ಎಲ್ಲಿ ಕೂರಿಸಿಯಾರು? ಮಗುವಿಗೂ ಅಜಲು ಕೊಟ್ಟ ವಿಷಯವನ್ನು ಅವರ ಎದುರೇ ಹೇಳಿಯಾರು.

ಹೊರಡುವ ದಿನ ಬ್ಯಾಗು ತೂಗಿ ಚಂದ್ರಣ್ಣ ನನ್ನನ್ನು ಕರೆದರು. "ನಿಮ್ಮದಕ್ಕೆ ಅಂತ ಐದು ಕಿಲೋ ಖಾಲಿ ಬಿಟ್ಟಿದ್ದೇನೆ. ಎಲ್ಲಿ, ಮಗಳಿಗೆ ಕೊಡುವುದು ತನ್ನಿ."

"ಮೊನ್ನೆಯೇ ಬೇರೆಯವರ ಕೈಯಲ್ಲಿ ಕಳಿಸಿದೆ ಚಂದ್ರಣ್ಣ. ನೀವು ಅಷ್ಟು ದೂರ ಯಾಕೆ..."

ಮೂರು ಮೈಲಿ! ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬ್ಯಾಗಿನ ಜಿಪ್ ಎಳೆದರು.

"ಮಾಡಿಸಿದ್ರು, ಅಲ್ವಾ?"

"ತಪ್ಪಾಯಿತು ಚಂದ್ರಣ್ಣ."

"ನನಗೆ ಯಾಕೆ ಹೇಳುತ್ತೀರಿ? ತಿಂದದ್ದು ನಾನಲ್ಲ. ಯಾರು ತಿಂದದ್ದು? ಅವಳ ಹೆಸರು ಕೇಳಿದ್ರಾ?"

ಕೇಳಿರಲಿಲ್ಲ. ಚಂದ್ರಣ್ಣ ಬ್ಯಾಗೆತ್ತಿಕೊಂಡು ಹಮೀದಾಕನ ಜೊತೆ ಇಳಿದು ಹೋದರು. ರಜೆ ಮುಗಿದ ಮೇಲೆ ದೋಹಾಕ್ಕೆ ಮರಳಲಿಲ್ಲ; ಅಬುಧಾಬಿಯ ಕಂಪೆನಿಯೊಂದಕ್ಕೆ ಸೇರಿದರೆಂದು ಹಮೀದಾಕನಿಗೆ ಸುದ್ದಿ ಬಂತು. ನನಗೆ ಒಂದು ಗೆರೆಯೂ ಬರಲಿಲ್ಲ. ಯಾಕೆ ಬರಬೇಕು?

ಮರುವರ್ಷ ಊರಿಗೆ ಹೋದಾಗ ಅಮ್ಮನನ್ನು ಆ ಹೆಂಗಸಿನ ಹೆಸರು ಕೇಳಿದೆ. "ಹೆಸರು ಯಾರು ಕೇಳುತ್ತಾರೆ ಮಗಾ, ಹೇಳಿಕಳಿಸಿದರೆ ಬರುತ್ತಾಳೆ" ಎಂದರು. ಹೆಸರಾದರೂ ತಿಳಿದು, ಅವಳ ಎದುರು ನಿಂತು ತಪ್ಪೊಪ್ಪಿಕೊಂಡು, ಆಮೇಲೆ ಚಂದ್ರಣ್ಣನಿಗೆ ಬರೆಯಬೇಕೆಂದು ಗುಡ್ಡದ ಬುಡದಲ್ಲಿದ್ದ ಕೊರಗರ ಮನೆಗಳಿಗೆ ಹೋದೆ. ನನ್ನನ್ನು ಕಂಡದ್ದೇ ಕುಳಿತಿದ್ದವರೆಲ್ಲ ಎದ್ದು ಹಿಂದೆ ಸರಿದರು. ಹೆಂಗಸರು ಒಳಗೆ ಹೋಗಿ ತಟ್ಟಿಬಾಗಿಲು ಎಳೆದುಕೊಂಡರು. ಒಬ್ಬ ಮುದುಕ ಮಾತ್ರ ಅಲ್ಲೇ ನಿಂತ. ನಮ್ಮ ಮನೆಗೆ ಅಜಲಿಗೆ ಬಂದದ್ದು ಯಾರು, ಹೆಸರೇನು ಎಂದು ಕೇಳಿದೆ. ಅವನು ಕೈ ಮುಗಿದ.

"ಅವಳಿಂದ ಎಂತ ತಪ್ಪಾಯಿತು ಧಣೀ? ಮಗುವಿಗೆ ಹುಷಾರಿಲ್ಲವಾ? ಇನ್ನೊಮ್ಮೆ ತಿನ್ನಬೇಕಾದರೆ ನಾನೇ ಬರುತ್ತೇನೆ, ಅವಳನ್ನು ಬಿಡಿ."