ಖಣದ ಜಾಕೆಟ್ಟಿಗೊಂದು ಅಂತರಪಟ

"ಅವ್ವಾ, ಜಾಕೀಟ್ ಕಾಣವಲ್ದು, ಹಿಂದಿನ ಬೋರ್ಡ್‌ಗಳೇ ಕಾಣಾಕತ್ತಾವ!"

ಹಡಪಸರದ ರಸ್ತೆಬದಿಯಲ್ಲಿ ಮಗಳು ಬೇಸರದಿಂದ ಕ್ಯಾಮೆರಾ ಇಳಿಸಿದಳು. ನಾನು ಹೊಲಿದ ಖಣದ ಜಾಕೆಟ್ ತೊಟ್ಟು ಅವಳ ಗೆಳತಿ ನಿಂತಿದ್ದಳು. ಎತ್ತ ಸರಿದರೂ ಹಿಂದೆ ಕೆಂಪು ಹಳದಿ ಬೋರ್ಡುಗಳು, ಸ್ಕೂಟರುಗಳ ಸಾಲು.

ನನಗೆ ತಟ್ಟನೆ ಮದುವೆಯಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟ ನೆನಪಾಯಿತು. ಚೀಲದಲ್ಲಿದ್ದ, ಒಳಪದರಕ್ಕೆ ಹಾಕುವ ಅಸ್ತರಿನ ಬಿಳಿ ಬಟ್ಟೆಯನ್ನು ಗೆಳತಿಯ ಬೆನ್ನ ಹಿಂದೆ ಬಿಡಿಸಿ ಒಂದು ತುದಿ ಹಿಡಿದೆ. ಬಸ್ಸಿಗೆ ಕಾಯುತ್ತಿದ್ದ ಮರಾಠಿ ಅಜ್ಜಿಯೊಬ್ಬರು ತಾವಾಗಿಯೇ ಬಂದು ಇನ್ನೊಂದು ತುದಿ ಹಿಡಿದರು. "ಅಕ್ಷತಾ ಕುಠೇ?" ಎಂದು ಅಕ್ಷತೆ ಕೇಳಿ ನಗಿಸಿದರು. ಖಣದ ಅಂಚು ಝಗ್ಗನೆ ಎದ್ದು ಕಂಡಿತು.

ಆ ಫೋಟೊ ಈಗ ನನ್ನ ಹೊಲಿಗೆ ಅಂಗಡಿಯಲ್ಲಿದೆ. ಅಂಚಿನಲ್ಲಿ ಕಾಣುವ ನನ್ನ ಮತ್ತು ಆ ಅಜ್ಜಿಯ ಬೆರಳುಗಳನ್ನು ಮಗಳು ಕತ್ತರಿಸಿಲ್ಲ. ಬಂದ ಗಿರಾಕಿಗಳಿಗೆ ನಾನು ಮೊದಲು ತೋರಿಸುವುದು ಅವನ್ನೇ.